ರೈಲು ಕಂಬ ದಾಟಲಿ, ನಾವೂ ದಾಟೋಣ

ಬಿ.ಇ. ಓದುವವರಿರಲಿ, ಬಿ.ಕಾಂ. ಮುಗಿಸಿದವರಿರಲಿ, ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಿದವರಿರಲಿ, ನಮ್ಮೆಲ್ಲರ ಪ್ರಶ್ನೆಪತ್ರಿಕೆಯಲ್ಲೂ ಒಂದು ರೈಲು ಬಂದೇ ಬರುತ್ತದೆ. ಅದಕ್ಕೆ ಹೆಸರಿಲ್ಲ, ನಂಬರಿಲ್ಲ, ಎಲ್ಲಿಂದ ಎಲ್ಲಿಗೆ ಹೊರಟಿದೆಯೋ ಗೊತ್ತಿಲ್ಲ. ಉದ್ದ ಮಾತ್ರ ಗೊತ್ತು, 150 ಮೀಟರ್. ಹಳಿ ಪಕ್ಕದ ಕಂಬವೊಂದನ್ನು ಅದು 10 ಸೆಕೆಂಡಿನಲ್ಲಿ ದಾಟುತ್ತದೆ. ಹಾಗಾದರೆ ಅದರ ವೇಗ ಗಂಟೆಗೆ ಎಷ್ಟು ಕಿಲೋಮೀಟರ್?

ಕೆಳಗೆ ನಾಲ್ಕು ಆಯ್ಕೆ. ಕೈಯಲ್ಲಿ ಒಂದು ನಿಮಿಷವೂ ಇಲ್ಲ. ರೈಲ್ವೆ ನೇಮಕಾತಿ ಮಂಡಳಿಯ ಎನ್‌ಟಿಪಿಸಿ ಪರೀಕ್ಷೆಯ ಮೊದಲ ಹಂತದಲ್ಲಿ 90 ನಿಮಿಷಕ್ಕೆ 100 ಪ್ರಶ್ನೆಗಳಿರುತ್ತವೆ. ಅಂದರೆ ಒಂದಕ್ಕೆ 54 ಸೆಕೆಂಡು. ಮೂರು ತಪ್ಪು ಉತ್ತರ ಕೊಟ್ಟರೆ ಒಂದು ಸರಿ ಉತ್ತರದ ಅಂಕ ಹೋಗುತ್ತದೆ. ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿಗಳಲ್ಲೂ ಸಾಮಾನ್ಯವಾಗಿ ಮೊದಲ ಸುತ್ತು ಆಪ್ಟಿಟ್ಯೂಡ್ ಪರೀಕ್ಷೆಯದೇ. ಕೋಡಿಂಗ್ ಸುತ್ತಿನಲ್ಲಿ ಮಿಂಚಬಹುದಾಗಿದ್ದ ಎಷ್ಟೋ ಗೆಳೆಯರು ಅಲ್ಲಿಗೆ ಹೋಗುವ ಮೊದಲೇ ಈ ಅನಾಮಧೇಯ ರೈಲಿನ ಹತ್ತಿರ ಇಳಿದುಬಿಡುತ್ತಾರೆ.

ತಮಾಷೆಯೆಂದರೆ ಇದು ಎಂಟು, ಒಂಬತ್ತನೇ ತರಗತಿಯಲ್ಲಿ ನಾವೆಲ್ಲ ಕಲಿತ ಪಾಠ. ದೂರ, ಕಾಲ, ಜವ. ಕನ್ನಡ ಮಾಧ್ಯಮದವರಿಗೆ ‘ಜವ’ ಎಂಬ ಪದ ನೆನಪಿರಬೇಕು. ನಮ್ಮ ವಿಜ್ಞಾನ ಪುಸ್ತಕದಲ್ಲಿ ಸ್ಪೀಡ್‌ಗೆ ಜವ, ವೆಲಾಸಿಟಿಗೆ ವೇಗ. ಪಿಯುಸಿಗೆ ಬಂದರೆ ಎರಡೂ ಇಂಗ್ಲಿಷ್‌ನಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್ ತೆರೆದರೆ ಜವವೂ ವೇಗವೇ, ವೇಗವೂ ವೇಗವೇ. ಮೂರು ಸಲ ಹೆಸರು ಬದಲಾಯಿಸಿಕೊಂಡ ವಿಷಯ ಅಪರಿಚಿತ ಎನಿಸಿದರೆ ಅದು ಓದುವವರ ತಪ್ಪಲ್ಲ. ಒಂದೇ ದಿಕ್ಕಿನಲ್ಲಿ ನೇರವಾಗಿ ಸಾಗುವ ರೈಲು, ಬಸ್ಸಿನ ಲೆಕ್ಕಗಳಲ್ಲಿ ಎರಡರ ಅಳತೆಯೂ ಒಂದೇ ಆಗಿರುವುದರಿಂದ ಇಲ್ಲಿ ನಾನೂ ವೇಗ ಎಂದೇ ಬರೆಯುತ್ತೇನೆ.

ಕೊಬ್ಬರಿ ಮಂಡಿಯ ಗಣಿತ

ನನ್ನ ದೊಡ್ಡಮ್ಮನ ಮಗ ಪದವಿ ಮುಗಿಸಿ ನಾಲ್ಕು ವರ್ಷವಾಯಿತು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ರೈಲ್ವೆ ಪರೀಕ್ಷೆಗೆ ಓದುತ್ತಾನೆ. ವಯೋಮಿತಿ ಹತ್ತಿರವಾಗುತ್ತಿದೆ. ಇನ್ನೊಂದೋ ಎರಡೋ ಅವಕಾಶ, ಅಷ್ಟೇ. ಹೋದ ಸೆಮಿಸ್ಟರ್ ರಜೆಯಲ್ಲಿ ಒಂದು ಪುಸ್ತಕ ಹಿಡಿದುಕೊಂಡು ಬಂದು, ‘ಪುಟ್ಟಿ, ಈ ರೈಲಿನ ಲೆಕ್ಕ ಒಂದು ಬಿಟ್ಟು ಬೇರೆಲ್ಲ ಮಾಡ್ತೀನಿ. ಇದೊಂದು ತಲೆಗೆ ಹತ್ತಲ್ಲ ನೋಡು’ ಅಂದ.

ಅವನಿಗೆ ಸೂತ್ರ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಕೋಚಿಂಗ್‌ನಲ್ಲಿ ಹೇಳಿಕೊಟ್ಟ ತ್ರಿಕೋನ ಬಾಯಿಪಾಠವಾಗಿತ್ತು. ಮೇಲೆ ದೂರ, ಕೆಳಗೆ ವೇಗ ಮತ್ತು ಕಾಲ. ಬೇಕಾದ್ದನ್ನು ಬೆರಳಿನಿಂದ ಮುಚ್ಚಿದರೆ ಉಳಿದದ್ದು ಉತ್ತರ. ಆದರೆ ಪ್ರಶ್ನೆಯಲ್ಲಿ ಪ್ಲಾಟ್‌ಫಾರ್ಮ್ ಬಂದ ಕೂಡಲೇ ಯಾವುದನ್ನು ಮುಚ್ಚಬೇಕೆಂದು ಗೊತ್ತಾಗುತ್ತಿರಲಿಲ್ಲ. ತ್ರಿಕೋನ ಎಲ್ಲಿ ಭಾಗಿಸಬೇಕು, ಎಲ್ಲಿ ಗುಣಿಸಬೇಕು ಎಂದು ಹೇಳುತ್ತದೆ. ಯಾಕೆ ಎಂದು ಹೇಳುವುದಿಲ್ಲ.

ಪುಸ್ತಕ ಮುಚ್ಚಿಟ್ಟು ಕೇಳಿದೆ: ‘ಅಣ್ಣ, ಕ್ವಿಂಟಲ್‌ಗೆ ಹನ್ನೆರಡು ಸಾವಿರ ಅಂದ್ರೆ ಮೂರೂವರೆ ಕ್ವಿಂಟಲ್‌ಗೆ ಎಷ್ಟಾಗುತ್ತೆ?’ ‘ನಲವತ್ತೆರಡು ಸಾವಿರ’ ಅಂದ, ಉಸಿರು ತೆಗೆದುಕೊಳ್ಳುವಷ್ಟರಲ್ಲಿ. ‘ಗಂಟೆಗೆ 60 ಕಿಲೋಮೀಟರ್ ಅಂದ್ರೆ ಮೂರೂವರೆ ಗಂಟೆಗೆ?’ ‘ಇನ್ನೂರ ಹತ್ತು.’ ಹೇಳಿದ ಮೇಲೆ ಸುಮ್ಮನಾದ. ಎರಡೂ ಒಂದೇ ಲೆಕ್ಕ ಎಂದು ಅವನಿಗೇ ಹೊಳೆದಿತ್ತು.

ವೇಗವೆಂದರೆ ದರ, ಅಷ್ಟೇ. ಕ್ವಿಂಟಲ್‌ಗೆ ಇಷ್ಟು ರೂಪಾಯಿ, ಲೀಟರ್ ಹಾಲಿಗೆ ಇಷ್ಟು ರೂಪಾಯಿ, ಹಾಗೆಯೇ ಗಂಟೆಗೆ ಇಷ್ಟು ಕಿಲೋಮೀಟರ್. ಏಕರೂಪ ವೇಗವೆಂದರೆ ಬೆಲೆ ಏರಿಳಿಯದ ಸಂತೆ. ಮೊದಲ ಗಂಟೆಗೂ ಕೊನೆಯ ಗಂಟೆಗೂ ಒಂದೇ ದರ. ಡೇರಿಗೆ ಹಾಲು ಹಾಕುವ ಮನೆಯ, ಅಂಗಡಿಯಲ್ಲಿ ತೂಕ ಮಾಡುವ ಮನೆಯ ಮಕ್ಕಳಿಗೆ ಈ ಲೆಕ್ಕ ಹೊಸದಲ್ಲ. ಸೂತ್ರದ ವೇಷದಲ್ಲಿ ಬಂದಾಗ ಗುರುತು ಹಿಡಿಯುವುದಿಲ್ಲ, ಅಷ್ಟೇ.

ಅರಸೀಕೆರೆಯಿಂದ ತಿಪಟೂರಿಗೆ 25 ಕಿ.ಮೀ. ಎಂದಿಟ್ಟುಕೊಳ್ಳಿ. ಬೈಕ್ ಗಂಟೆಗೆ 40 ಕಿ.ಮೀ. ಹೋಗುತ್ತಿದೆ. ಎಷ್ಟು ಹೊತ್ತು ಬೇಕು? 25 ಭಾಗಿಸು 40 ಎಂದು ಬರೆದು ದಶಮಾಂಶದ ಹಿಂದೆ ಹೋಗಬಹುದು. ಇಲ್ಲವೇ ಹೀಗೆ ಯೋಚಿಸಬಹುದು: ಅರ್ಧ ಗಂಟೆಗೆ 20 ಕಿ.ಮೀ. ಆಯಿತು. ಉಳಿದದ್ದು 5. ಅದು 20ರ ಕಾಲು ಭಾಗ. ಅರ್ಧ ಗಂಟೆಯ ಕಾಲು ಭಾಗ ಏಳೂವರೆ ನಿಮಿಷ. ಒಟ್ಟು ಮೂವತ್ತೇಳೂವರೆ ನಿಮಿಷ. ಪೆನ್ನು ಮುಟ್ಟಬೇಕಿಲ್ಲ.

ಐದು ಬೈ ಹದಿನೆಂಟು ಎಲ್ಲಿಂದ ಬಂತು?

ಈ ಲೆಕ್ಕಗಳಲ್ಲಿ ಹೆಚ್ಚು ಜನ ಜಾರುವುದು ಭಾಗಾಕಾರದಲ್ಲಲ್ಲ, ಮಾನದಲ್ಲಿ. ದೂರ ಮೀಟರ್‌ನಲ್ಲಿ, ಸಮಯ ಸೆಕೆಂಡಿನಲ್ಲಿ, ಉತ್ತರ ಮಾತ್ರ ಗಂಟೆಗೆ ಕಿಲೋಮೀಟರ್‌ನಲ್ಲಿ. ಇಲ್ಲಿ 5/18ರಿಂದ ಗುಣಿಸಬೇಕೋ 18/5ರಿಂದ ಗುಣಿಸಬೇಕೋ ಎಂಬ ಗೊಂದಲ ಪರೀಕ್ಷಾ ಕೊಠಡಿಯಲ್ಲೇ ಹುಟ್ಟುತ್ತದೆ.

ಅದು ಎಲ್ಲಿಂದ ಬಂತು ಎಂದು ಒಮ್ಮೆ ನೋಡಿದರೆ ಗೊಂದಲ ಇರುವುದಿಲ್ಲ. ಒಂದು ಕಿಲೋಮೀಟರ್ ಎಂದರೆ 1000 ಮೀಟರ್. ಒಂದು ಗಂಟೆ ಎಂದರೆ 3600 ಸೆಕೆಂಡು. 1000 ಭಾಗಿಸು 3600 ಎಂದರೆ 5/18. ಅಂದರೆ ಗಂಟೆಗೆ 18 ಕಿ.ಮೀ. ಓಡುವ ಸೈಕಲ್ಲು ಸೆಕೆಂಡಿಗೆ 5 ಮೀಟರ್ ಹೋಗುತ್ತದೆ. ಇದೊಂದನ್ನು ನೆನಪಿಟ್ಟರೆ ಮಗ್ಗಿ ತಾನಾಗಿ ಬರುತ್ತದೆ: 18ಕ್ಕೆ 5, 36ಕ್ಕೆ 10, 54ಕ್ಕೆ 15, 72ಕ್ಕೆ 20, 90ಕ್ಕೆ 25, 108ಕ್ಕೆ 30. ಪ್ರಶ್ನೆಪತ್ರಿಕೆಯಲ್ಲಿ 54, 72, 90 ಎಂಬ ಅಂಕಿಗಳು ಮತ್ತೆ ಮತ್ತೆ ಯಾಕೆ ಬರುತ್ತವೆ ಎಂಬುದೂ ಈಗ ತಿಳಿಯುತ್ತದೆ. ಮೊದಲು ಕೇಳಿದ ರೈಲು 10 ಸೆಕೆಂಡಿಗೆ 150 ಮೀಟರ್, ಅಂದರೆ ಸೆಕೆಂಡಿಗೆ 15. ಉತ್ತರ 54.

ಇನ್ನೊಂದು ಗುಂಡಿ ಗಂಟೆ ಮತ್ತು ನಿಮಿಷದ್ದು. 2 ಗಂಟೆ 30 ನಿಮಿಷವನ್ನು 2.3 ಎಂದು ಬರೆದುಕೊಂಡರೆ ಕೆಟ್ಟಿತು. ಗಡಿಯಾರ 60ರ ಲೆಕ್ಕದ್ದು, ದಶಮಾಂಶ ಹತ್ತರದ್ದು. 150 ಕಿ.ಮೀ. ದೂರವನ್ನು ಎರಡೂವರೆ ಗಂಟೆಯಲ್ಲಿ ಕ್ರಮಿಸಿದರೆ ವೇಗ 60. ಅದೇ 2.3ರಿಂದ ಭಾಗಿಸಿದವರಿಗೆ 65 ಚಿಲ್ಲರೆ ಬರುತ್ತದೆ. ಪ್ರಶ್ನೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ಆ 65 ಕೂಡ ಒಂದು ಆಯ್ಕೆಯಾಗಿ ಕಾದು ಕೂತಿರುತ್ತದೆ.

ರೈಲಿಗೆ ಬಾಲವೂ ಇದೆ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದವಿದೆ. ಜಗತ್ತಿನಲ್ಲೇ ಅತಿ ಉದ್ದದ್ದು ಎಂದು 2023ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ನಿಲ್ಲದೆ, ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗುವ 493 ಮೀಟರ್ ಉದ್ದದ ರೈಲೊಂದು ಇಡೀ ಪ್ಲಾಟ್‌ಫಾರ್ಮ್ ದಾಟಲು ಎಷ್ಟು ಹೊತ್ತು ಬೇಕು?

1507 ಭಾಗಿಸು 10 ಎನ್ನುವವರು ಎಂಜಿನ್ ಮಾತ್ರ ನೋಡುತ್ತಿದ್ದಾರೆ. ಎಂಜಿನ್‌ನ ಮೂತಿ ಪ್ಲಾಟ್‌ಫಾರ್ಮ್‌ನ ಆ ತುದಿ ದಾಟಿದಾಗ ರೈಲಿನ ಮೈಯೆಲ್ಲ ಇನ್ನೂ ಪ್ಲಾಟ್‌ಫಾರ್ಮ್ ಪಕ್ಕದಲ್ಲೇ ಇರುತ್ತದೆ. ‘ದಾಟಿತು’ ಎನ್ನಬೇಕಾದರೆ ಕೊನೆಯ ಬೋಗಿಯ ಹಿಂಬದಿ ಆಚೆ ಹೋಗಬೇಕು. ಅಷ್ಟರಲ್ಲಿ ಎಂಜಿನ್ 1507 ಜೊತೆಗೆ ಇನ್ನೂ 493 ಮೀಟರ್, ಒಟ್ಟು 2000 ಮೀಟರ್ ಸಾಗಿರುತ್ತದೆ. ಸೆಕೆಂಡಿಗೆ 10 ಮೀಟರ್‌ನಂತೆ 200 ಸೆಕೆಂಡು, ಅಂದರೆ 3 ನಿಮಿಷ 20 ಸೆಕೆಂಡು.

ಕಂಬಕ್ಕಾದರೆ ರೈಲಿನ ಉದ್ದ ಮಾತ್ರ. ನಿಂತ ಮನುಷ್ಯನಿಗೂ ಹಾಗೆಯೇ. ಸೇತುವೆ, ಸುರಂಗ, ಪ್ಲಾಟ್‌ಫಾರ್ಮ್ ಆದರೆ ಎರಡೂ ಉದ್ದ ಕೂಡಬೇಕು. ಇದನ್ನು ಬಾಯಿಪಾಠ ಮಾಡುವ ಬದಲು ರಫ್ ಹಾಳೆಯಲ್ಲಿ ಒಂದು ಗೆರೆ, ಒಂದು ಡಬ್ಬಿ ಎಳೆದು ಡಬ್ಬಿಯ ಮೂತಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ನೋಡಿ. ಐದು ಸೆಕೆಂಡಿನ ಕೆಲಸ. ಅಣ್ಣನಿಗೆ ಈ ಚಿತ್ರ ಸಿಕ್ಕ ಮೇಲೆ ಪ್ಲಾಟ್‌ಫಾರ್ಮ್‌ನ ಭಯ ಹೋಯಿತು.

ಸರಾಸರಿಯ ಮೋಸ

ಹೋಗುವಾಗ ಗಂಟೆಗೆ 40, ಅದೇ ದಾರಿಯಲ್ಲಿ ಬರುವಾಗ ಗಂಟೆಗೆ 60. ಸರಾಸರಿ ವೇಗ ಎಷ್ಟು? ಹತ್ತರಲ್ಲಿ ಎಂಟು ಕೈಗಳು 50ರ ಮೇಲೆ ಟಿಕ್ ಹಾಕಲು ಹೋಗುತ್ತವೆ. ಉತ್ತರ 48.

ಇದನ್ನೂ ಮಂಡಿಯ ಭಾಷೆಯಲ್ಲೇ ಕೇಳಿದೆ. ‘ಒಂದು ಕ್ವಿಂಟಲ್ ಹತ್ತು ಸಾವಿರಕ್ಕೆ, ಒಂಬತ್ತು ಕ್ವಿಂಟಲ್ ಹನ್ನೆರಡು ಸಾವಿರಕ್ಕೆ ತಗೊಂಡ್ರೆ ಸರಾಸರಿ ಹನ್ನೊಂದು ಸಾವಿರ ಅಲ್ವಾ ಅಣ್ಣ?’ ‘ಅದ್ಹೆಂಗಾಗುತ್ತೆ? ಯಾವ ರೇಟಿಗೆ ಎಷ್ಟು ಮಾಲು ಬಂತು ಅಂತ ನೋಡ್ಬೇಕಲ್ಲ’ ಅಂತ ರೇಗಿದ. ವೇಗಕ್ಕೂ ಅದೇ ಮಾತು. ಯಾವ ವೇಗದಲ್ಲಿ ಎಷ್ಟು ಹೊತ್ತು ಇದ್ದೆವು ಎಂದು ನೋಡಬೇಕು. ದೂರ 120 ಕಿ.ಮೀ. ಎಂದುಕೊಳ್ಳಿ. ಹೋಗಲು 3 ಗಂಟೆ, ಬರಲು 2 ಗಂಟೆ. ಒಟ್ಟು 240 ಕಿ.ಮೀ., 5 ಗಂಟೆ. ಭಾಗಿಸಿದರೆ 48. ನಿಧಾನ ವೇಗದಲ್ಲಿ ಹೆಚ್ಚು ಹೊತ್ತು ಕಳೆದಿದ್ದರಿಂದ ಸರಾಸರಿ ಅದರ ಕಡೆಗೆ ವಾಲಿತು. ದೂರ ಕೊಡದಿದ್ದರೆ ಎರಡೂ ವೇಗಗಳಿಂದ ಭಾಗವಾಗುವ ಒಂದು ಅಂಕಿಯನ್ನು ನೀವೇ ಇಟ್ಟುಕೊಳ್ಳಿ. ಉತ್ತರ ಬದಲಾಗುವುದಿಲ್ಲ.

ಈ ಲೆಕ್ಕದ ಇನ್ನೊಂದು ಮುಖ ರಸ್ತೆಯ ಮೇಲಿದೆ. 60 ಕಿ.ಮೀ. ದೂರದ ಪರೀಕ್ಷಾ ಕೇಂದ್ರಕ್ಕೆ ಒಂದು ಗಂಟೆಯಲ್ಲಿ ತಲುಪಬೇಕು. ಟ್ರಾಫಿಕ್‌ನಲ್ಲಿ ಸಿಕ್ಕಿ ಮೊದಲ 30 ಕಿ.ಮೀ. ಗಂಟೆಗೆ 30ರ ವೇಗದಲ್ಲಿ ಹೋದಿರಿ. ಉಳಿದ ಅರ್ಧವನ್ನು ಎಷ್ಟು ವೇಗವಾಗಿ ಹೋದರೆ ಸಮಯಕ್ಕೆ ಸರಿಯಾಗಿ ತಲುಪಬಹುದು? 90 ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಮಾಡಿ ನೋಡಿ. ಮೊದಲ ಅರ್ಧದಲ್ಲೇ ಒಂದು ಗಂಟೆ ಮುಗಿದುಹೋಗಿದೆ. ಇನ್ನು ಯಾವ ವೇಗವೂ ಸಾಲದು. ಕಳೆದ ಸಮಯವನ್ನು ಆಕ್ಸಿಲರೇಟರ್‌ನಿಂದ ವಾಪಸ್ ತರಲು ಆಗುವುದಿಲ್ಲ. ಅರ್ಧ ಗಂಟೆ ಮುಂಚೆ ಹೊರಡುವುದೊಂದೇ ದಾರಿ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಸುಮಾರು 118 ಕಿ.ಮೀ. ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ. ಆ ಮಿತಿಯಲ್ಲೇ ಹೋದರೆ 71 ನಿಮಿಷ. ಮಿತಿ ಮೀರಿ 120ರಲ್ಲಿ ಹೋದರೆ 59 ನಿಮಿಷ. ಉಳಿಯುವುದು 12 ನಿಮಿಷ. ಮಧ್ಯೆ ಮದ್ದೂರು ವಡೆಗೆ ನಿಲ್ಲಿಸಿದರೆ ಅದೂ ಇಲ್ಲ.

ಎದುರಾದರೆ ಕೂಡು, ಜೊತೆಯಾದರೆ ಕಳೆ

ಎರಡು ರೈಲುಗಳ ಲೆಕ್ಕಕ್ಕೆ ಹೆದರುವವರಿಗೆ ಒಂದು ಸಮಾಧಾನ: ಇದು ಹದಿನೈದು ಶತಮಾನ ಹಳೆಯ ಲೆಕ್ಕ. ಕ್ರಿ.ಶ. 499ರ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಆರ್ಯಭಟ ಇದನ್ನು ಒಂದೇ ಶ್ಲೋಕದಲ್ಲಿ ಮುಗಿಸಿದ್ದಾನೆ. ಅವನ ಮುಂದಿದ್ದದ್ದು ರೈಲಲ್ಲ, ಆಕಾಶದ ಗ್ರಹಗಳು. ಎದುರು ಬದುರು ಚಲಿಸುತ್ತಿದ್ದರೆ ನಡುವಿನ ದೂರವನ್ನು ವೇಗಗಳ ಮೊತ್ತದಿಂದ ಭಾಗಿಸು, ಒಂದೇ ದಿಕ್ಕಿನಲ್ಲಿದ್ದರೆ ವ್ಯತ್ಯಾಸದಿಂದ ಭಾಗಿಸು, ಸಂಧಿಸುವ ಕಾಲ ಸಿಗುತ್ತದೆ. ನಮ್ಮ ಗೈಡ್‌ಗಳಲ್ಲಿರುವುದೂ ಇಷ್ಟೇ.

ಯಾಕೆ ಹೀಗೆ ಎಂದು ತಿಳಿಯಲು ಕಿಟಕಿ ಪಕ್ಕ ಕೂತರೆ ಸಾಕು. ಎದುರು ಹಳಿಯ ರೈಲು ಕಣ್ಣು ಮಿಟುಕಿಸುವುದರಲ್ಲಿ ಹೋಗಿಬಿಡುತ್ತದೆ. ಜೊತೆಗೇ ಹೋಗುವ ರೈಲು ಎಷ್ಟು ಹೊತ್ತಾದರೂ ಪಕ್ಕದಲ್ಲೇ ತೆವಳುತ್ತದೆ. 120 ಮೀಟರ್ ಮತ್ತು 180 ಮೀಟರ್ ಉದ್ದದ ಎರಡು ರೈಲುಗಳು ಗಂಟೆಗೆ 54 ಮತ್ತು 36 ಕಿ.ಮೀ. ವೇಗದಲ್ಲಿ ಓಡುತ್ತಿವೆ. ಸೆಕೆಂಡಿಗೆ 15 ಮತ್ತು 10 ಮೀಟರ್. ದಾಟಬೇಕಾದದ್ದು ಎರಡರ ಉದ್ದ, 300 ಮೀಟರ್. ಎದುರಾದರೆ 25ರಿಂದ ಭಾಗಿಸಿ, 12 ಸೆಕೆಂಡು. ಒಂದೇ ದಿಕ್ಕಾದರೆ 5ರಿಂದ ಭಾಗಿಸಿ, 60 ಸೆಕೆಂಡು.

ಈಗ ರೈಲಿನ ಜಾಗದಲ್ಲಿ ಬೈಕ್ ಇಡಿ. ಎರಡು ಲೇನ್‌ನ ರಸ್ತೆ. ಮುಂದೆ ಗಂಟೆಗೆ 54 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಬಸ್. ನೀವು 63ರಲ್ಲಿ ಓವರ್‌ಟೇಕ್ ಮಾಡಬೇಕು. ಬಸ್ಸಿನ ಹಿಂದಿನಿಂದ ಹೊರಟು, ಅದರ ಉದ್ದ ದಾಟಿ, ಸುರಕ್ಷಿತವಾಗಿ ಮುಂದೆ ಸೇರಲು ಬಸ್ಸಿಗಿಂತ 35 ಮೀಟರ್ ಹೆಚ್ಚು ಹೋಗಬೇಕು ಎನ್ನೋಣ. ವೇಗದ ವ್ಯತ್ಯಾಸ ಗಂಟೆಗೆ 9 ಕಿ.ಮೀ., ಸೆಕೆಂಡಿಗೆ ಬರೀ ಎರಡೂವರೆ ಮೀಟರ್. ಅಂದರೆ 14 ಸೆಕೆಂಡು ನೀವು ಎದುರಿನ ಲೇನ್‌ನಲ್ಲಿರುತ್ತೀರಿ. ಅಷ್ಟರಲ್ಲಿ ನೀವು ಸಾಗುವ ದೂರ 245 ಮೀಟರ್. ಎದುರಿನಿಂದ 54ರ ವೇಗದಲ್ಲಿ ಲಾರಿ ಬರುತ್ತಿದ್ದರೆ ಅದು ಸಾಗುವ ದೂರ 210. ಒಟ್ಟು 455 ಮೀಟರ್ ರಸ್ತೆ ಖಾಲಿ ಇರಬೇಕು, ಸುಮಾರು ಅರ್ಧ ಕಿಲೋಮೀಟರ್! ತಿರುವಿನಲ್ಲಿ ಅಷ್ಟು ದೂರ ಕಾಣುತ್ತದೆಯೇ? ಇನ್ನು ಗಂಟೆಗೆ 72ರ ವೇಗದಲ್ಲಿ ಎರಡೇ ಸೆಕೆಂಡು ಮೊಬೈಲ್ ನೋಡಿದರೆ 40 ಮೀಟರ್ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಪರೀಕ್ಷೆಯ ಲೆಕ್ಕ ತಪ್ಪಿದರೆ ಮೂರನೇ ಒಂದು ಅಂಕ ಹೋಗುತ್ತದೆ, ಮುಂದಿನ ವರ್ಷ ಮತ್ತೆ ಬರೆಯಬಹುದು. ಈ ಲೆಕ್ಕಕ್ಕೆ ಎರಡನೇ ಅವಕಾಶವಿಲ್ಲ.

ಏಕರೂಪ ವೇಗ ಎಲ್ಲಿದೆ?

‘ಯಾವ ಬಸ್ ಒಂದೇ ಸ್ಪೀಡಲ್ಲಿ ಹೋಗುತ್ತೆ ಹೇಳು?’ ಎಂದು ಅಣ್ಣ ಕೇಳಿದ್ದ. ನ್ಯಾಯವಾದ ಪ್ರಶ್ನೆ. ಹಂಪ್, ಸಿಗ್ನಲ್, ಕೈ ತೋರಿಸಿದಲ್ಲೆಲ್ಲ ಸ್ಟಾಪ್. ಗಂಟೆಗೆ 160 ಕಿ.ಮೀ. ಓಡಬಲ್ಲ ವಂದೇ ಭಾರತ್ ಕೂಡ ಮೈಸೂರು-ಚೆನ್ನೈ ನಡುವಿನ ಸುಮಾರು 500 ಕಿ.ಮೀ. ದೂರಕ್ಕೆ ಆರೂವರೆ ಗಂಟೆಯ ಆಸುಪಾಸು ತೆಗೆದುಕೊಳ್ಳುತ್ತದೆ. ಸರಾಸರಿ 80ನ್ನೂ ಮುಟ್ಟುವುದಿಲ್ಲ. ಏಕರೂಪ ವೇಗ ಎಂಬುದು ಲೆಕ್ಕ ಶುರುಮಾಡಲು ನಾವು ಹಾಕಿಕೊಂಡ ಸರಳ ಷರತ್ತು. ಅದು ಗಟ್ಟಿಯಾದ ಮೇಲೆ ವೇಗ ಬದಲಾಗುವ ಲೆಕ್ಕಗಳು. ನಮ್ಮ ಎಂಜಿನಿಯರಿಂಗ್‌ನ ಕ್ಯಾಲ್ಕುಲಸ್ ಕೂಡ ದಾರಿಯನ್ನು ಚೂರು ಚೂರು ಮಾಡಿ, ಒಂದೊಂದು ಚೂರಿನಲ್ಲೂ ವೇಗ ಒಂದೇ ಎಂದುಕೊಂಡೇ ಮುಂದುವರಿಯುತ್ತದೆ.

ನಿಜವಾಗಿಯೂ ದರ ಬದಲಿಸದವರೂ ಇದ್ದಾರೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮಿಂಚು ಕಂಡು ಆರು ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಎರಡು ಕಿ.ಮೀ. ದೂರದಲ್ಲಿದೆ. ನಿರ್ವಾತದಲ್ಲಿ ಬೆಳಕು, ರೇಡಿಯೊ ಅಲೆಗಳದು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ಅದರ ಸಂಕೇತ ಭೂಮಿಗೆ ಬರಲು ಸುಮಾರು ಹನ್ನೆರಡೂವರೆ ನಿಮಿಷ ಬೇಕಿತ್ತು. 750 ಸೆಕೆಂಡನ್ನು 3 ಲಕ್ಷದಿಂದ ಗುಣಿಸಿ: ಇಪ್ಪತ್ತೆರಡೂವರೆ ಕೋಟಿ ಕಿ.ಮೀ. ಅಷ್ಟು ದೂರದ ನೌಕೆಗೆ ಕೊನೇ ಗಳಿಗೆಯಲ್ಲಿ ಆಜ್ಞೆ ಕೊಟ್ಟು ಪ್ರಯೋಜನವಿಲ್ಲವೆಂದು ಎಂಜಿನ್ ಹೊತ್ತಿಸುವ ಆಜ್ಞೆಗಳನ್ನು ಮುಂಚೆಯೇ ಕಳಿಸಿಡಲಾಗಿತ್ತು. ಬೆಂಗಳೂರು ಸಮೀಪದ ಬ್ಯಾಲಾಳುವಿನಲ್ಲಿರುವ ಇಸ್ರೊದ ದೊಡ್ಡ ಆಂಟೆನಾಗಳು ದೂರದ ನೌಕೆಗಳ ಮಾತು ಕೇಳಿಸಿಕೊಳ್ಳುವಾಗಲೂ ಕೆಲಸ ಮಾಡುವುದು ಇದೇ ದೂರ, ಕಾಲ, ವೇಗ.

ಪರೀಕ್ಷೆಗೆ ಕೂತಾಗ

ಅಣ್ಣನಿಗೆ ನಾನು ಬರೆದುಕೊಟ್ಟದ್ದು ಒಂದು ಚೀಟಿ ಮಾತ್ರ. ಮೊದಲು, ಕೇಳಿದ್ದೇನು ಎಂಬುದಕ್ಕೆ ಅಡಿಗೆರೆ. ವೇಗವೋ, ಸಮಯವೋ, ದೂರವೋ? ಎರಡನೆಯದು, ಉತ್ತರದ ಮಾನ ನೋಡಿ ಎಲ್ಲವನ್ನೂ ಅದೇ ಮಾನಕ್ಕೆ ತರುವುದು. ಮೂರನೆಯದು, ಗೆರೆ ಮತ್ತು ಡಬ್ಬಿಯ ಚಿತ್ರ. ನಾಲ್ಕನೆಯದು, ‘ಒಂದು ಗಂಟೆಗೆ’ ಅಥವಾ ‘ಒಂದು ಸೆಕೆಂಡಿಗೆ’ ಎಷ್ಟು ಎಂದು ಕೇಳಿಕೊಳ್ಳುವುದು. ಕೊನೆಯದು, ಬಂದ ಉತ್ತರ ನಂಬುವ ಹಾಗಿದೆಯೇ ಎಂದು ನೋಡುವುದು. ನಡೆಯುವ ಮನುಷ್ಯನಿಗೆ ಗಂಟೆಗೆ 50 ಕಿ.ಮೀ. ಬಂದರೆ, ರೈಲಿಗೆ 3 ಕಿ.ಮೀ. ಬಂದರೆ, ಎಲ್ಲೋ 5/18 ತಿರುಗಿಬಿದ್ದಿದೆ.

ದಿನಕ್ಕೆ ಐವತ್ತು ಲೆಕ್ಕ ಬಿಡಿಸುವ ಅಗತ್ಯವಿಲ್ಲ. ಐದು ಸಾಕು, ಆದರೆ ಸೂತ್ರ ಬರೆಯದೆ, ಪ್ರತಿ ಹೆಜ್ಜೆಯನ್ನೂ ಪಕ್ಕದವರಿಗೆ ಕನ್ನಡದಲ್ಲಿ ಹೇಳುತ್ತಾ ಬಿಡಿಸಿ. ಹೇಳಲು ಬಂದರೆ ತಿಳಿದಿದೆ ಎಂದು ಅರ್ಥ. ರೈಲ್ವೆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ನೆನಪಿರಲಿ. ಅರ್ಜಿ ತುಂಬುವಾಗಲೇ ಭಾಷೆ ಆಯ್ಕೆ ಮಾಡಿಕೊಳ್ಳಬೇಕು. 30 ಸೆಕೆಂಡಿನಲ್ಲಿ ಚಿತ್ರವೇ ಮೂಡದಿದ್ದರೆ ಆ ಪ್ರಶ್ನೆ ಬಿಟ್ಟು ಮುಂದೆ ಹೋಗಿ. ಸಮಯ ಉಳಿದರೆ ಮತ್ತೆ ಬರಬಹುದು. ಊಹೆಯ ಉತ್ತರಕ್ಕಿಂತ ಖಾಲಿ ಬಿಟ್ಟದ್ದು ಎಷ್ಟೋ ಸಲ ಲಾಭ.

ಅಣ್ಣನ ಪರೀಕ್ಷೆ ಇನ್ನೂ ಮುಂದಿದೆ. ಪಾಸಾಗುತ್ತಾನೋ ಇಲ್ಲವೋ ನಾನು ಹೇಳಲಾರೆ. ಸ್ಪರ್ಧೆ ಅಷ್ಟಿದೆ. ಆದರೆ ಈಗ ರೈಲಿನ ಪ್ರಶ್ನೆ ಕಂಡರೆ ಪುಟ ತಿರುವುವುದಿಲ್ಲ. ನಮ್ಮ ನಿಮ್ಮಂಥ ಸಾವಿರಾರು ಮಂದಿ ‘ನಂಗೆ ಗಣಿತ ಬರಲ್ಲ’ ಎಂದು ಒಂದು ಇಡೀ ಅಧ್ಯಾಯವನ್ನೇ ಬಿಟ್ಟು ಪರೀಕ್ಷೆಗೆ ಹೋಗುತ್ತೇವೆ. ಗಣಿತ ಬರುತ್ತದೆ. ತರಕಾರಿ ಕೊಳ್ಳುವಾಗ, ಬಡ್ಡಿ ಲೆಕ್ಕ ಹಾಕುವಾಗ, ಬಸ್ ಎಷ್ಟೊತ್ತಿಗೆ ಬರಬಹುದೆಂದು ಅಂದಾಜಿಸುವಾಗ ಅದನ್ನೇ ಮಾಡುತ್ತಿರುತ್ತೇವೆ. ಇವತ್ತು ಸಂಜೆ ಹಳೆಯ ಪ್ರಶ್ನೆಪತ್ರಿಕೆಯಿಂದ ಐದು ರೈಲುಗಳನ್ನು ಆರಿಸಿಕೊಳ್ಳಿ. ತ್ರಿಕೋನ ಪಕ್ಕಕ್ಕಿಟ್ಟು, ಸೆಕೆಂಡಿಗೆ ಎಷ್ಟು ಎಂದು ಕೇಳುತ್ತಾ ಒಂದೊಂದನ್ನೇ ದಾಟಿಸಿ.